ದೇವರ ಕರೆ ಬಂದಿದೆ ಅನ್ನಿಸಿದರೆ ಮುಂದೇನು?

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬಾಲಕ ಸಮುವೇಲನಿಗೆ ರಾತ್ರಿ ಯಾರೋ ಕರೆದಂತಾಗುತ್ತದೆ. ಮೂರು ಸಲವೂ ಅವನು ಎದ್ದು ಓಡಿದ್ದು ದೇವಾಲಯದ ಮುದುಕ ಯಾಜಕ ಏಲಿಯ ಹತ್ತಿರ. ಕರೆಯುತ್ತಿರುವುದು ದೇವರು ಅಂತ ಹೊಳೆದದ್ದೂ ಹುಡುಗನಿಗಲ್ಲ, ಏಲಿಗೆ. ಪಾಸ್ಟರ್ ಆಗಬೇಕು ಅನ್ನಿಸಿದವರು ಮೊದಲು ಮಾಡಬೇಕಾದದ್ದೂ ಇದೇ. ಹಿರಿಯರೊಬ್ಬರ ಹತ್ತಿರ ಹೋಗಿ ಹೇಳಿ. ಕೆಲಸಕ್ಕೆ ರಾಜೀನಾಮೆ ಆಮೇಲೆ.

ನಿಮ್ಮ ಸಭೆಯ, ಅಂದರೆ ಚರ್ಚಿನ, ಪಾಸ್ಟರ್ ತಕ್ಷಣ "ಹೋಗು" ಅನ್ನದಿದ್ದರೆ ಬೇಜಾರಾಗಬೇಡಿ. ಒಂದು ವರ್ಷ ಸಂಡೇ ಸ್ಕೂಲ್ ನಡೆಸು, ಕಾಯಿಲೆಯವರ ಮನೆಗೆ ನನ್ನ ಜೊತೆ ಬಾ ಅನ್ನಬಹುದು. ಒಳ್ಳೆಯದೇ. ಮೈಕ್ ಹಿಡಿಯುವ ಆಸೆ ಬೇರೆ, ಸೇವೆಯ ಕರೆ ಬೇರೆ ಅಂತ ಗೊತ್ತಾಗುವುದು ಅಂಥ ಮನೆಗಳಲ್ಲೇ. ಅಲ್ಲಿ ಮಾತಿಗಿಂತ ಸುಮ್ನೆ ಕೂತಿರುವುದೇ ಜಾಸ್ತಿ. ಮದುವೆಯಾಗಿದ್ದರೆ ಮನೆಯಲ್ಲಿ ಒಪ್ಪಿಗೆ ಇಲ್ಲದೆ ಅರ್ಜಿ ಹಾಕಲೇಬೇಡಿ. ವರ್ಗಾವಣೆಯಾದಾಗ ಗಂಟುಮೂಟೆ ಕಟ್ಟುವವರು ಅವರೂ ಹೌದು, ಅಲ್ವಾ?

ಮುಂದಿನದು ಡಯಾಸಿಸ್, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಸಭೆಗಳ ವಲಯ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಪಂಗಡ) ಸಭೆಯವರಿಗೆ ಕರ್ನಾಟಕದಲ್ಲಿ ಬೆಂಗಳೂರು, ಮಂಗಳೂರು, ಧಾರವಾಡದಲ್ಲಿ ಬಿಷಪ್ ಕಚೇರಿಗಳಿವೆ. ಪಾಸ್ಟರ್ ಕೊಟ್ಟ ಪತ್ರ, ದೀಕ್ಷಾಸ್ನಾನದ ಸರ್ಟಿಫಿಕೇಟ್, ಮಾರ್ಕ್ಸ್ ಕಾರ್ಡುಗಳನ್ನು ಈಗಲೇ ಹುಡುಕಿ ಒಂದು ಫೈಲಿನಲ್ಲಿಡಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಡಯಾಸಿಸ್ ಆರಿಸಿ ಕಳಿಸಿದವರಿಗೆ ಓದು ಮುಗಿದ ಮೇಲೆ ಸೇವೆಯ ದಾರಿ ಇರುತ್ತದೆ. ತಾವಾಗೇ ಹೋಗಿ ಓದಿದವರಿಗೆ ಡಿಗ್ರಿ ಸಿಗುತ್ತದೆ, ಸಭೆ ಸಿಗುವ ಖಾತ್ರಿ ಇಲ್ಲ. ಹೆಣ್ಣುಮಕ್ಕಳೂ ಹಿಂಜರಿಯಬೇಕಿಲ್ಲ. ಸಿಎಸ್‌ಐನಲ್ಲಿ ಮಹಿಳೆಯರು 1976ರಿಂದ ಪಾಸ್ಟರ್ ಆಗುತ್ತಿದ್ದಾರೆ.

ಓದುವುದೆಲ್ಲಿ? ಕನ್ನಡದಲ್ಲಿ ಓದಬೇಕೆಂದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು. ಈ ಹೆಸರು ಬಂದದ್ದು 1965ರಲ್ಲಿ, ಬೇರು ಮಾತ್ರ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ್ದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ಮಿಷನರಿ ಮೋಗ್ಲಿಂಗ್ ಪಾಠ ಹೇಳಿದ ಜಾಗ ಅದು. ಇಂಗ್ಲಿಷಿನಲ್ಲಾದರೆ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು ಇದೆ, 1910ರದ್ದು. ಎರಡೂ ಕಡೆ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್ ಎಂಬ ಮಂಡಳಿ. ಬೇರೆ ಯಾವುದೇ ಬೈಬಲ್ ಕಾಲೇಜಿಗೆ ಸೇರುವ ಮುಂಚೆ ಅದಕ್ಕೆ ಯಾರ ಮಾನ್ಯತೆ ಇದೆ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಆ ಗೇಟಿನಿಂದಲೇ ವಾಪಸ್ ಬನ್ನಿ.

ಡಿಗ್ರಿ ಆದವರಿಗೆ ಬಿ.ಡಿ. ನಾಲ್ಕು ವರ್ಷ. ಎಲ್ಲರೂ ಹೆದರುವುದು ಬೈಬಲಿನ ಮೂಲಭಾಷೆಗಳಾದ ಗ್ರೀಕ್, ಹೀಬ್ರೂಗೆ. ಹೀಬ್ರೂ ಬಲದಿಂದ ಎಡಕ್ಕೆ ಓದುವ ಲಿಪಿ, ಸ್ವರಗಳು ವ್ಯಂಜನದ ಮೇಲೆ ಕೆಳಗೆ ಚುಕ್ಕಿ ಗೆರೆಗಳಾಗಿ ಕೂರುತ್ತವೆ. ಕಾಗುಣಿತ ಕಲಿತ ನಮಗೆ ಇದೇನು ಹೊಸದಲ್ಲ! ನಿಜವಾಗಿ ಬೆವರಿಳಿಸುವುದು ಪ್ರಸಂಗದ, ಅಂದರೆ ಚರ್ಚಿನಲ್ಲಿ ಬೋಧನೆ ಮಾಡುವುದರ, ತರಗತಿ. ನೀವು ಹೇಳುವುದನ್ನು ಸಹಪಾಠಿಗಳು ನೋಟ್‌ಬುಕ್ ಹಿಡಿದು ಕೇಳುತ್ತಾರೆ, ಮುಗಿದ ಮೇಲೆ ಒಬ್ಬೊಬ್ಬರಾಗಿ ತಪ್ಪು ಎತ್ತಿ ಹೇಳುತ್ತಾರೆ. ಓದಿನ ಜೊತೆಗೇ ಸಭೆಗಳಲ್ಲಿ ತರಬೇತಿಯೂ ನಡೆಯುತ್ತದೆ. ಮುಗಿದ ಮೇಲೆ ಮೊದಲು ಡೀಕನ್ (ಪಾಸ್ಟರ್‌ಗಿಂತ ಕೆಳಗಿನ ಹಂತ), ಆಮೇಲೆ ಪ್ರೆಸ್ಬಿಟರ್ (ಪೂರ್ಣ ಪಾಸ್ಟರ್).

ಕ್ಯಾಥೊಲಿಕರ ದಾರಿ ಬೇರೆ. ಅಲ್ಲಿ ಶುರುವಾಗುವುದು ನಿಮ್ಮ ಚರ್ಚಿನ ಫಾದರ್ ಹತ್ತಿರ. ತತ್ವಶಾಸ್ತ್ರ, ದೇವಶಾಸ್ತ್ರ ಎಲ್ಲ ಸೇರಿ ಓದು ತುಂಬ ಉದ್ದ. ಮಂಗಳೂರಿನ ಜೆಪ್ಪು ಸೆಮಿನರಿ ಈ ಕೆಲಸವನ್ನು 1879ರಿಂದ ಮಾಡುತ್ತಿದೆ.

ಕೆಲಸ ಬಿಡುವ ಹಾಗಿಲ್ಲವೇ? ಸೆರಾಂಪುರದವರದ್ದೇ ದೂರಶಿಕ್ಷಣದ ಕೋರ್ಸುಗಳಿವೆ. ಅದನ್ನು ಓದಿದ ಮಾತ್ರಕ್ಕೆ ಪಾಸ್ಟರ್ ಆಗುವುದಿಲ್ಲ. ಆದರೆ "ಟೀಚರ್, ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು?" ಅಂತ ಸಂಡೇ ಸ್ಕೂಲ್ ಮಕ್ಕಳು ಕೇಳಿದಾಗ "ಮುಂದಿನ ವಾರ ಹೇಳ್ತೀನಿ" ಅನ್ನುವುದು ತಪ್ಪುತ್ತದೆ.