ಒಂದೇ ಕೃತಿ, ಒಂದೇ ಸಂಜೆ, ಎರಡು ಸಲ: ನಮ್ಮ ಟ್ರಯೊದ ಐದು ವರ್ಷದ ಲೆಕ್ಕ

ಎರಡು ಸಲ ನುಡಿಸುತ್ತೇವೆ ಎಂದಾಗ ನಕ್ಕವರಲ್ಲೇ ಮೂರ್ನಾಲ್ಕು ಜನ ಈ ವರ್ಷ ಫೋನ್ ಮಾಡಿ, ಅದನ್ನು ಹೇಗೆ ನಡೆಸಿದಿರಿ, ದುಡ್ಡು ಹೇಗೆ ಹೊಂದಿತು ಎಂದು ವಿಚಾರಿಸಿದರು. ಒಬ್ಬೊಬ್ಬರಿಗೂ ಒಂದೊಂದು ಗಂಟೆ ಹೇಳುವ ಬದಲು ಬರೆದೇ ಬಿಡೋಣ ಎಂದು ಕೂತಿದ್ದೇನೆ. ನಮ್ಮದು ಪಿಯಾನೊ, ವಯಲಿನ್, ಚೆಲ್ಲೊ (ವಯಲಿನ್‌ನ ದೊಡ್ಡಣ್ಣ, ತಗ್ಗಿನ ದನಿಯ ವಾದ್ಯ) ಸೇರಿದ ಟ್ರಯೊ, ಈ ಮೂರಕ್ಕೆ ಬರೆದ ಕೃತಿಗೂ ಟ್ರಯೊ ಎಂದೇ ಹೆಸರು. ಅದರಲ್ಲಿ ನಾನು ಪಿಯಾನೊ. ಲೆಕ್ಕದ ಪುಸ್ತಕ ವಯಲಿನ್‌ನವನ ಹತ್ತಿರ ಇದೆ, ಹಾಗಾಗಿ ಇಲ್ಲಿನ ಅಂಕಿಗಳೆಲ್ಲ ನೆನಪಿನಿಂದ ಬಂದವು. ಸ್ವಲ್ಪ ಹೆಚ್ಚುಕಮ್ಮಿ ಇದ್ದೀತು.

ಮೊದಲ ಎರಡು ವರ್ಷ ನಾವೂ ಎಲ್ಲರು ಹೋಗುವ ದಾರಿಯಲ್ಲೇ ಹೋದೆವು. ಸ್ಪರ್ಧೆ, ವಿಡಿಯೊ, ಏಜೆಂಟರಿಗೆ ಮೇಲ್. ಏಳು ಸ್ಪರ್ಧೆಗೆ ಅರ್ಜಿ ಹಾಕಿದೆವು, ಎರಡರಲ್ಲಿ ವಿಡಿಯೊ ಸುತ್ತು ದಾಟಿದೆವು, ಎರಡರಲ್ಲೂ ವೇದಿಕೆಯ ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟಿದೆವು. ವಿಡಿಯೊ ಅಂದರೆ ಸುಮ್ಮನೆ ಅಲ್ಲ. ಹಾಲ್ ಬಾಡಿಗೆ, ಪಿಯಾನೊ ಶ್ರುತಿ ಮಾಡುವ ಟ್ಯೂನರ್, ರೆಕಾರ್ಡಿಂಗ್‌ನವನು, ಮೇಲೆ ‘ಎಲ್ಲೂ ಕತ್ತರಿ ಹಾಕಿರಬಾರದು’ ಎಂಬ ಷರತ್ತು. ಹೈಡನ್‌ನ ಜಿ ಮೇಜರ್ ಟ್ರಯೊದ ಕೊನೆಯ ಭಾಗ, ರೊಂಡೊ, 1795ರದ್ದು, ಎಲ್ಲರಿಗೂ ಗೊತ್ತಿರುವ ಆ ‘ಜಿಪ್ಸಿ’. ಅದಕ್ಕೆ ಹನ್ನೊಂದು ಟೇಕ್ ಆಯಿತು. ಹನ್ನೊಂದನೆಯದು ಚೆನ್ನಾಗಿ ಬಂದು, ಕೊನೆಯ ನಾಲ್ಕು ಬಾರ್ (ತಾಳದ ಆವರ್ತ) ಇರುವಾಗ ಹೊರಗೆ ಯಾರೋ ಬಾಗಿಲು ತಟ್ಟಿದರು: ನಿಮ್ಮ ಸಮಯ ಮುಗಿಯಿತು. ಕಳಿಸಿದ್ದು ಐದನೇ ಟೇಕ್. ಆ ವರ್ಷ ನುಡಿಸಿ ಗಳಿಸಿದ್ದು ಹತ್ತು ಪಾಲು ಎಂದುಕೊಂಡರೆ, ಸ್ಪರ್ಧೆಗಳಿಗೆ ಸುರಿದದ್ದು ಹದಿಮೂರು ಪಾಲು. ಮಿಕ್ಕ ಮೂರು ಪಾಲು ನಮ್ಮ ನಮ್ಮ ಪಾಠದ ಹಣ. ನಾನು ಆಗ ವಾರಕ್ಕೆ 18 ಗಂಟೆ ಪಾಠ ಹೇಳುತ್ತಿದ್ದೆ.

ಟ್ರಯೊಗೆ ಬೇರೆಯದೇ ಒಂದು ಕರ್ಮ ಅಂಟಿಕೊಂಡಿದೆ. ನಾಲ್ಕು ತಂತಿವಾದ್ಯಗಳ ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ವರ್ಷಗಟ್ಟಲೆ ಒಟ್ಟಿಗೆ ಕೂತವರು ಬೇಕು ಎಂದು ಆಯೋಜಕರಿಗೂ ಗೊತ್ತು. ಟ್ರಯೊ ಅಂದರೆ ಮೂವರು ಒಳ್ಳೆಯ ಸೋಲೊ ವಾದಕರನ್ನು ಕರೆದು ಎರಡು ರಿಹರ್ಸಲ್ ಮಾಡಿಸಿದರೆ ಮುಗಿಯಿತು ಎಂಬ ನಂಬಿಕೆ. ಸೋಲೊದಲ್ಲಿ ಹೆಸರಾಗಿದ್ದು ಟ್ರಯೊ ಆಗಿಯೂ ನುಡಿಸಿದ ಕೊರ್ಟೊ, ಥಿಬೊ, ಕಸಾಲ್ಸ್ ಹೆಸರು ತೆಗೆದು ಅದನ್ನೇ ವಾದಿಸುತ್ತಾರೆ. ಬೋ ಆರ್ಟ್ಸ್ ಟ್ರಯೊ 1955ರಿಂದ 2008ರವರೆಗೆ ನಡೆದದ್ದು, ಅಷ್ಟೂ ವರ್ಷ ಪಿಯಾನೊದಲ್ಲಿ ಮೆನಾಹೆಮ್ ಪ್ರೆಸ್ಲರ್ ಒಬ್ಬರೇ ಕೂತದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸ್ಪರ್ಧೆಗಳಲ್ಲೂ ಅಷ್ಟೆ. ಮ್ಯೂನಿಕ್‌ನ ಎಆರ್‌ಡಿಯಂಥ ದೊಡ್ಡದರಲ್ಲೂ ಟ್ರಯೊ ವಿಭಾಗದ ಸರದಿ ಕೆಲವು ವರ್ಷಕ್ಕೊಮ್ಮೆ. ಸರದಿ ಬರುವಷ್ಟರಲ್ಲಿ ಮೂವರಲ್ಲಿ ಒಬ್ಬರ ವಯಸ್ಸು ಮೀರಿರುತ್ತದೆ. ನಾವು ಏಜೆಂಟರಿಗೂ ಹಾಲ್‌ನವರಿಗೂ ಸುಮಾರು 140 ಮೇಲ್ ಕಳಿಸಿದ್ದೆವು, ಉತ್ತರ ಬಂದದ್ದು ಒಂಬತ್ತು. ಅದರಲ್ಲಿ ಆರು ‘ಬಹುಮಾನ ಬಂದ ಮೇಲೆ ತಿಳಿಸಿ.’

ಎರಡು ಸಲ ನುಡಿಸುವ ಯೋಚನೆ ಬಂದದ್ದು ಸೋಲಿನಿಂದಲೇ. ಒಂದು ಮನೆಯ ಹಾಲ್‌ನಲ್ಲಿ ಶಸ್ತಕೋವಿಚ್‌ನ ಎರಡನೇ ಟ್ರಯೊ, 1944ರದ್ದು. ಶುರುವೇ ಚೆಲ್ಲೊದ ಹಾರ್ಮೋನಿಕ್ಸ್, ತಂತಿಗೆ ಬೆರಳು ಹಗುರಾಗಿ ತಾಗಿಸಿ ತೆಗೆಯುವ ತೆಳು ಸ್ವರಗಳು, ಒಂಟಿಯಾಗಿ, ಎತ್ತರದಲ್ಲಿ. ಮನೆ ತಣ್ಣಗಿತ್ತು. ಮೂರನೇ ಸ್ವರ ಸೀಟಿಯ ಹಾಗೆ ಒಡೆಯಿತು, ಐದನೆಯದು ಬರಲೇ ಇಲ್ಲ. ಚೆಲ್ಲೊದವಳ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಮುಗಿದ ಮೇಲೆ 22 ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಅವಳು ಎದ್ದು ನಿಂತು, ಯಾರನ್ನೂ ಕೇಳದೆ, “ಶುರುವಿನದು ಹಾಳಾಯಿತು, ಇನ್ನೊಂದು ಸಲ ನುಡಿಸಬಹುದಾ?” ಎಂದಳು. ಒಂದು ಮೂವ್‌ಮೆಂಟ್, ಅಂದರೆ ಒಂದು ಭಾಗ, ಅಂದುಕೊಂಡು ಶುರು ಮಾಡಿದ್ದು ಇಡೀ ಕೃತಿಯೇ ಆಯಿತು, 27 ನಿಮಿಷ. ಎರಡನೇ ಸಲ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: “ಅಯ್ಯೋ, ಮೇಲಿರೋದು ಚೆಲ್ಲೊ, ವಯಲಿನ್ ಅದರ ಕೆಳಗೆ!” ಮೊದಲ ಸಲ ಅವರು ಅದನ್ನು ವಯಲಿನ್ ಎಂದೇ ತಿಳಿದಿದ್ದರಂತೆ. ಆ 22 ಜನರಲ್ಲಿ 15 ಜನ ಮುಂದಿನ ಕಾರ್ಯಕ್ರಮಕ್ಕೆ ಬಂದರು. ಅದಕ್ಕೂ ಮುಂಚೆ ನಮ್ಮನ್ನು ಎರಡನೇ ಸಲ ಕೇಳಲು ಬಂದವರು ನೆಂಟರು ಮಾತ್ರ.

ನಮ್ಮ ಮೇಷ್ಟ್ರಿಗೆ ಹೇಳಿದೆ. “ಕಥೆ ಮುಗಿಸಿದವನು ಮತ್ತೆ ಮೊದಲಿಂದ ಶುರು ಮಾಡಿದರೆ ಜನ ಬಾಗಿಲ ಕಡೆ ನೋಡ್ತಾರೆ ಕಣಯ್ಯ” ಎಂದರು. ಹೊಸದೇನಲ್ಲ ಸಾರ್, ಸಂಗೀತಕಾರ ಶೋನ್‌ಬರ್ಗ್ 1918ರಲ್ಲಿ ವಿಯೆನ್ನಾದಲ್ಲಿ ಕಟ್ಟಿದ ಖಾಸಗಿ ಸಂಘದಲ್ಲಿ ಒಂದೇ ಕೃತಿಯನ್ನು ಮತ್ತೆ ಮತ್ತೆ ನುಡಿಸುತ್ತಿದ್ದರಲ್ಲ ಎಂದೆ. “ಅಲ್ಲಿ ಚಪ್ಪಾಳೆಗೂ ನಿಷೇಧ ಇತ್ತು, ನಿಮಗೆ ಅದೂ ಬೇಡವಾ?” ಎಂದರು. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಈಗಿನ ಸಂಜೆ ಹೀಗಿರುತ್ತದೆ: ಕೃತಿ ಒಮ್ಮೆ, ನಡುವೆ ಸುಮಾರು 20 ನಿಮಿಷ ಬಿಡಿಸಿ ತೋರಿಸುವುದು, ಮತ್ತೆ ಕೃತಿ. ಒಟ್ಟು 80 ನಿಮಿಷ ದಾಟಬಾರದು. ನಡುವಿನ 20 ನಿಮಿಷದಲ್ಲೇ ಇಡೀ ಗುಟ್ಟಿದೆ. ಭಾಷಣ ಇಲ್ಲ, ಸಂಗೀತಗಾರನ ಜೀವನಚರಿತ್ರೆ ಇಲ್ಲ, ನುಡಿಸಿಯೇ ತೋರಿಸುತ್ತೇವೆ. ಯಾವ ಕ್ರಮದಲ್ಲಿ ಬಿಡಿಸುತ್ತೇವೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ತಿದ್ದಿದ್ದು ಅದು, ಬೇಕಾದವರು ಬಂದು ಕೇಳಲಿ.

ಎಲ್ಲ ಕೃತಿಗೂ ಇದು ಒಗ್ಗುವುದಿಲ್ಲ. ಚೈಕೋವ್‌ಸ್ಕಿಯ ಎ ಮೈನರ್ ಟ್ರಯೊ ಮುಕ್ಕಾಲು ಗಂಟೆಗೂ ಮೇಲೆ. ಅದನ್ನೂ ಎರಡು ಸಲ ಎಂದು ಹಠ ಹಿಡಿದವನು ನಾನೇ. ಎರಡನೇ ಸಲ, ಒಂದೇ ರಾಗವನ್ನು ಬಗೆಬಗೆಯಾಗಿ ನುಡಿಸುವ ವೇರಿಯೇಷನ್ಸ್ ಭಾಗದ ಹೊತ್ತಿಗೆ 31ರಲ್ಲಿ 12 ಜನ ಉಳಿದಿದ್ದರು, ಅದರಲ್ಲಿ ಒಬ್ಬರು ಮನೆಯ ಯಜಮಾನರು, ಎಲ್ಲಿಗೂ ಹೋಗುವಂತಿಲ್ಲ. ಡ್ವೊರ್ಜಾಕ್‌ನ ‘ದುಮ್ಕಿ’ ಟ್ರಯೊದಲ್ಲಿ ಆರು ಭಾಗ. ಮೊದಲ ಸಲ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಜನಕ್ಕೆ ತಿಳಿಯುವುದಿಲ್ಲ, ಎರಡನೇ ಸಲ ಬೆರಳು ಮಡಚಿ ಎಣಿಸುತ್ತಾ ಕೂರುತ್ತಾರೆ. ಅಮೆರಿಕಕ್ಕೆ ಹೊರಡುವ ಮುನ್ನ 1892ರಲ್ಲಿ ಡ್ವೊರ್ಜಾಕ್ ತಾನೇ ಪಿಯಾನೊಗೆ ಕೂತು ಊರೂರು ಸುತ್ತಿ, ಸುಮಾರು 40 ಕಡೆ ಇದನ್ನು ನುಡಿಸಿದ್ದು ನೆನಪಾದಾಗಲೆಲ್ಲ ನಮ್ಮ ಅಲೆದಾಟ ಅಷ್ಟೇನೂ ಅಲ್ಲ ಅನ್ನಿಸುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು ಕ್ಲಾರಾ ಶೂಮನ್‌ಳ ಜಿ ಮೈನರ್ ಟ್ರಯೊ, 1846ರದ್ದು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೆಚ್ಚಿನವರು ಮುಂಚೆ ಕೇಳಿರುವುದಿಲ್ಲ, ಎರಡನೇ ಸಲಕ್ಕೆ ಸ್ವಂತದ್ದಾಗಿರುತ್ತದೆ.

ಒಮ್ಮೆ ಅತಿಬುದ್ಧಿ ಮಾಡಿದೆವು. ಬ್ರಾಮ್ಸ್ ಬಿ ಮೇಜರ್ ಟ್ರಯೊವನ್ನು 1854ರಲ್ಲಿ ಅಚ್ಚು ಹಾಕಿಸಿ, 1889ರಲ್ಲಿ ಮತ್ತೆ ಬರೆದನಲ್ಲ, ಎರಡು ಸಲದ ಬದಲು ಎರಡು ಆವೃತ್ತಿ ನುಡಿಸೋಣ ಎಂದು. ಹಳೆಯದರ ಮೊದಲ ಮೂವ್‌ಮೆಂಟ್, ನಡುವೆ ಫ್ಯೂಗ್ (ಒಂದೇ ಸಾಲನ್ನು ಒಬ್ಬರ ಹಿಂದೆ ಒಬ್ಬರು ಎತ್ತಿಕೊಳ್ಳುವುದು) ತರಹದ್ದೊಂದು ಬರುತ್ತದಲ್ಲ, ಅದನ್ನು ಕಲಿಯಲು ಆರು ವಾರ ಹೋಯಿತು. ಬೆರಳಿಗೆ ಹೊಸದು ಕೂತಿದ್ದರಿಂದ ಕಾರ್ಯಕ್ರಮದ ದಿನ ವಯಲಿನ್‌ನವನು ಹಳೆಯದರಲ್ಲಿ ನುಡಿಸುತ್ತಾ ಹೊಸದಕ್ಕೆ ಜಿಗಿದ. ನಾನು ಹಳೆಯದರಲ್ಲೇ ಇದ್ದೆ. ಹದಿನೈದು ಬಾರ್ ಮೂವರೂ ಈಜಿದೆವು. ಕೇಳಿದವರಲ್ಲಿ ಅರ್ಧ ಜನಕ್ಕೆ ಹಳೆಯದೇ ಹಿಡಿಸಿತು ಎನ್ನುವುದೊಂದು ಸಮಾಧಾನ.

ಮನೆಗಳ ಪಿಯಾನೊ ಬಗ್ಗೆ ಹೇಳಲೇಬೇಕು. ಹತ್ತರಲ್ಲಿ ಏಳು ಕಡೆ ಅಪ್‌ರೈಟ್, ಅಂದರೆ ಬೀರುವಿನ ಹಾಗೆ ನೆಟ್ಟಗೆ ನಿಲ್ಲುವ ಪಿಯಾನೊ, ಗೋಡೆಗೆ ಒತ್ತಿಕೊಂಡು. ಹಾಗೇ ಕೂತರೆ ಮಿಕ್ಕಿಬ್ಬರಿಗೂ ನನ್ನ ಬೆನ್ನು. ಅದನ್ನು ತಿರುಗಿಸಿ, ಹಿಂಬದಿ ಜನರ ಕಡೆಗೆ ಬರುವಂತೆ ಇಟ್ಟು, ಮೇಲಿನಿಂದ ಇಣುಕಿ ವಯಲಿನ್‌ನವನ ಕಮಾನು ನೋಡುತ್ತೇನೆ. ಚೆಲ್ಲೊದವಳ ಕೈ ಕಾಣುವುದಿಲ್ಲ, ಮೊಣಕೈ ಮಾತ್ರ ಕಾಣುತ್ತದೆ, ಅದೇ ಸಾಕು. ಶ್ರುತಿ ದೊಡ್ಡ ತಲೆನೋವು. ಒಂದು ಮನೆಯಲ್ಲಿ ಎಲ್ಲರೂ ಶ್ರುತಿ ಸೇರಿಸುವ ‘ಎ’ ಸ್ವರ, 440 ಹರ್ಟ್ಸ್ ಇರಬೇಕಾದದ್ದು, 430ರ ಆಸುಪಾಸಿನಲ್ಲಿತ್ತು. ಬೆಳಿಗ್ಗೆ ಟ್ಯೂನರ್ ಕರೆಸಿ 440ಕ್ಕೆ ಎಳೆಸಿದೆವು. ಅವರು ಎಚ್ಚರಿಸಿದ್ದರು, ಇಷ್ಟು ಎಳೆದರೆ ನಿಲ್ಲಲ್ಲ, ಒಂದೆರಡು ವಾರ ಬಿಟ್ಟು ಇನ್ನೊಂದು ಸಲ ಮಾಡಬೇಕು ಎಂದು. ಕೇಳಲಿಲ್ಲ. ಮೊದಲ ಸಲ ಹೇಗೋ ನಡೆಯಿತು. ಎರಡನೇ ಸಲಕ್ಕೆ ಮೇಲಿನ ಎರಡು ಆಕ್ಟೇವ್ (ಸ್ಥಾಯಿ) ಜಾರಿ, ವಯಲಿನ್ ಜೊತೆ ಒಂದೇ ಸ್ವರದಲ್ಲಿ ಸೇರುವ ಕಡೆಯೆಲ್ಲ ಹಲ್ಲು ಜುಮ್ಮೆಂದಿತು. ಎರಡು ಸಲ ನುಡಿಸುವವರಿಗೆ ಇದು ಎರಡರಷ್ಟು ಅವಮಾನ. ಈಗ ಪಿಯಾನೊದ ಶ್ರುತಿ ಎಲ್ಲಿದೆಯೋ ಅಲ್ಲಿಗೇ ತಂತಿಯವರು ತಮ್ಮ ಶ್ರುತಿ ಇಳಿಸುತ್ತಾರೆ. ಚೆಲ್ಲೊದ ತಂತಿ ತಂತಿಯ ನಡುವಿನ ಪಂಚಮಗಳನ್ನು ಶುದ್ಧವಾಗಿಟ್ಟರೆ ಎ ತಂತಿಯಿಂದ ಸಿ ತಂತಿಗೆ ಬರುವಷ್ಟರಲ್ಲಿ ಪಿಯಾನೊಗಿಂತ ಸುಮಾರು 6 ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ ಬೀಳುತ್ತದೆ, ಗೊತ್ತಿರುವುದೇ. ಅವಳು ಒಂದೊಂದು ಪಂಚಮವನ್ನೂ ಚೂರು ಕಿರಿದು ಮಾಡುತ್ತಾಳೆ. ಅಪ್‌ರೈಟ್ ಇದ್ದಾಗ ಅವಳು ಅದರ ಮೇಲೆ ಇನ್ನೊಂದು ಮಾಡುತ್ತಾಳೆ. ಹೇಳಬೇಡ ಎಂದಿದ್ದಾಳೆ.

ಇನ್ನು ದುಡ್ಡು. ಮೊದಲು ಬಂದ ಸಂಭಾವನೆಯನ್ನು ಮೂರು ಭಾಗ ಮಾಡಿ, ಖರ್ಚು ಅವರವರದು ಎಂದಿದ್ದೆವು. ಕೇಳಲು ನ್ಯಾಯ. ಆದರೆ ವಿಮಾನದಲ್ಲಿ ಚೆಲ್ಲೊಗೆ ಒಂದು ಸೀಟು ಬೇಕು, ಅದು ಅವಳ ಖರ್ಚು. ಪಿಯಾನೊ ಟ್ಯೂನಿಂಗ್ ನನ್ನ ಖರ್ಚು. ವಯಲಿನ್‌ನವನು ಡಬ್ಬಿ ಹೆಗಲಿಗೆ ಹಾಕಿಕೊಂಡು ನಗುತ್ತಾ ಬರುತ್ತಿದ್ದ. ಒಂದು ಪ್ರವಾಸ ಮುಗಿಸಿ ವಾಪಸ್ ಬರುವಾಗ ಅವಳು ಒಂದು ರಸೀದಿಯ ಹಿಂದೆ ಲೆಕ್ಕ ಬರೆದು ನನ್ನ ಮುಂದೆ ಹಿಡಿದಳು: ನಾಲ್ಕು ಕಾರ್ಯಕ್ರಮ, ಅವಳ ಪಾಲು, ಎರಡು ಟಿಕೆಟ್, ಉಳಿದದ್ದು ಸೊನ್ನೆಗಿಂತ ಕೆಳಗೆ. “ನಾನು ದುಡ್ಡು ಕೊಟ್ಟು ನಿಮ್ಮ ಜೊತೆ ನುಡಿಸ್ತಿದ್ದೀನಿ” ಎಂದಳು. ಮುಂದಿನ ಮೂರು ವಾರ ರಿಹರ್ಸಲ್ ಇಲ್ಲ.

ಆಮೇಲೆ ನಾಲ್ಕು ಪಾಲು ಮಾಡಿದೆವು. ಮೂವರದ್ದು ಮೂರು, ಟ್ರಯೊದ್ದು ಒಂದು. ನಾಲ್ಕನೆಯದರಿಂದ ಚೆಲ್ಲೊ ಸೀಟು, ಟ್ಯೂನರ್, ಸ್ಕೋರ್, ಪುಟ ತಿರುಗಿಸುವ ಪೆಡಲ್, ಎಲ್ಲ. ಮೊದಲ ವರ್ಷ ಅದು ಸಾಕಾಗದೆ ನಮ್ಮ ಪಾಲಿನಿಂದ ಐದರಲ್ಲಿ ಒಂದು ಭಾಗ ವಾಪಸ್ ಹಾಕಿದೆವು. ಈಗ ಉಳಿಯುತ್ತದೆ. ಇಷ್ಟು ಸಣ್ಣ ಬದಲಾವಣೆಗೆ ನಾವು ಎರಡು ವರ್ಷ ತಗೊಂಡೆವು ಎನ್ನಲು ನಾಚಿಕೆಯಾಗುತ್ತದೆ.

ಟಿಕೆಟ್ ಬಿಟ್ಟು ಚಂದಾ ಹಿಡಿದದ್ದು ಬೀಥೋವನ್ ದಯೆಯಿಂದ. ಅವನ ಓಪಸ್ 1 ಮೂರು ಪಿಯಾನೊ ಟ್ರಯೊಗಳೇ. 1795ರಲ್ಲಿ ಮುಂಗಡ ಚಂದಾದಾರರನ್ನು ಹಿಡಿದು ಅಚ್ಚು ಹಾಕಿಸಿದ. ಚಂದಾದಾರರ ಪಟ್ಟಿಯಲ್ಲಿ 120ಕ್ಕೂ ಹೆಚ್ಚು ಹೆಸರು, ಕೆಲವರು ಹಲವು ಪ್ರತಿ ಕೊಂಡವರು, ಕೈಗೆ ಒಳ್ಳೆಯ ಹಣವೂ ಬಂತು. ನಾವು ವರ್ಷಕ್ಕೆ ಆರು ಸಂಜೆ, ಮುಂಗಡ ಹಣ, ಮನೆಗೊಂದು ಚಂದಾ ಎಂದು ಹೊರಟೆವು. 40 ಮನೆ ಸಿಕ್ಕರೆ ಖರ್ಚು ಗಿಟ್ಟುತ್ತಿತ್ತು. ಮೊದಲ ವರ್ಷ 26. ಆರರಲ್ಲಿ ಒಂದು ಸಂಜೆ ರದ್ದು ಮಾಡಿ, ಹಣ ವಾಪಸ್ ಬೇಕಾ ಎಂದು ಎಲ್ಲರಿಗೂ ಬರೆದೆವು. ಇಬ್ಬರು ಕೇಳಿದರು, ಉಳಿದವರು ಬೇಡ ಎಂದರು. ನಮಗೆ ಧೈರ್ಯ ಬಂದದ್ದು ಅವತ್ತು. ಎರಡನೇ ವರ್ಷ 70ರ ಹತ್ತಿರ, ಈ ವರ್ಷ 112. ಬೀಥೋವನ್‌ಗೆ ಇನ್ನು ಹತ್ತು ಚಿಲ್ಲರೆ ಕಡಿಮೆ. ಅವನಿಗೆ ಪೋಷಕನಾಗಿ ರಾಜಕುಮಾರ ಲಿಖ್ನೋವ್‌ಸ್ಕಿ ಇದ್ದ, ನಮಗೆ ಯಾರೂ ಇಲ್ಲ ಎನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಆತಿಥೇಯರನ್ನು ಆರಿಸುವಾಗ ನಾವು ಒಂದೇ ಒಂದು ಪ್ರಶ್ನೆ ಕೇಳುತ್ತೇವೆ, ಆ ಪ್ರಶ್ನೆಯೂ ನಮ್ಮಲ್ಲೇ ಇರಲಿ. ದೊಡ್ಡ ಮನೆ, ಗ್ರ್ಯಾಂಡ್ ಪಿಯಾನೊ ಎಂದು ಮರುಳಾಗಿ ಮೂರು ಸಲ ಕೆಟ್ಟಿದ್ದೇವೆ ಎಂದಷ್ಟೇ ಹೇಳಬಲ್ಲೆ.

ಹಾಲ್‌ನವರು ತಾವಾಗಿ ಕರೆದದ್ದು ಹೋದ ವರ್ಷ. ಮುಂಚೆ ‘ಬಹುಮಾನ ಬಂದ ಮೇಲೆ’ ಎಂದಿದ್ದ ಆರರಲ್ಲಿ ಎರಡು ಅದರಲ್ಲಿದ್ದವು. ಒಬ್ಬರಿಗೆ ಎರಡು ಸಲ ಬೇಡ, ‘ಪೂರ್ತಿ ಕಾರ್ಯಕ್ರಮ’ ಬೇಕಂತೆ. ಒಪ್ಪಲಿಲ್ಲ. ಮೂರು ತಿಂಗಳು ಬಿಟ್ಟು ಅವರೇ ಮತ್ತೆ ಬರೆದರು, ನಿಮ್ಮ ಹಾಗೇ ಮಾಡಿ ಎಂದು. ಅಲ್ಲಿ 300ರಷ್ಟು ಸೀಟು, ನಡುವೆ ಎದ್ದು ಹೋದವರು ಸುಮಾರು 40. ಮೇಷ್ಟ್ರು ಎದ್ದು ಹೋಗಲಿಲ್ಲ. ಎರಡನೇ ಸಲಕ್ಕೆ ಮುಂದಿನ ಸಾಲಿಗೆ ಬಂದು ಕೂತರು, ಹೊರಡುವಾಗ “ಸ್ಕೆರ್ಟ್ಸೊ ಎರಡನೇ ಸಲ ಓಡಿತು” ಎಂದಷ್ಟೇ ಹೇಳಿದರು. ಆ ಚುರುಕು ಭಾಗ ಲಯ ಮೀರಿ ಓಡಿದ್ದು ನಿಜ.

ಮುಂದಿನ ಸರದಿ ರಾವೆಲ್, 1914ರ ಟ್ರಯೊ. ಅಳತೆ ಸರಿಯಾಗಿದೆ, 27 ನಿಮಿಷದ ಆಸುಪಾಸು. ಆದರೆ ಕೊನೆಯ ಮೂವ್‌ಮೆಂಟ್‌ನಲ್ಲಿ ತಂತಿಯವರಿಗೆ ಆ ಉದ್ದುದ್ದ ಟ್ರಿಲ್‌ಗಳು, ಪಕ್ಕಪಕ್ಕದ ಎರಡು ಸ್ವರಗಳ ನಡುವೆ ಬೆರಳು ಬಿಡದೆ ಕುಣಿಸುವುದು. ಒಂದೇ ಸಂಜೆ ಎರಡು ಸಲ ಆದರೆ ಎಡಗೈ ಬಿದ್ದೇ ಹೋಗುತ್ತದೆ ಎಂದು ವಯಲಿನ್‌ನವನ ತಕರಾರು, ಚೆಲ್ಲೊದವಳೂ ಈ ಸಲ ಅವನ ಪಕ್ಷ. ನನ್ನ ಭಾಗದಲ್ಲಿ ಅಲ್ಲಿ ಇರುವ, ಹಲವು ಸ್ವರ ಒಟ್ಟಿಗೆ ಒತ್ತುವ ಕಾರ್ಡ್‌ಗಳನ್ನು ಯಾರೂ ಎಣಿಸುತ್ತಿಲ್ಲ. ಮಂಗಳವಾರ ರಿಹರ್ಸಲ್ ಇದೆ, ಅಲ್ಲಿ ನೋಡಬೇಕು.