ಮಿದುಳಿನ ಚಿತ್ರದ ಮೇಲೆ ಧನ ಮತ್ತು ಋಣ ಮೌಲ್ಯಗಳನ್ನು ಒಟ್ಟಿಗೆ ತೋರಿಸುವ ಕ್ರಮ

ಬೆರಳಾಡಿಸುವ ಕೆಲಸವನ್ನು ವಿಶ್ರಾಂತಿಯೊಂದಿಗೆ ಹೋಲಿಸುವ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯ ಸಂಕೇತವನ್ನು ಅಳೆಯುವ ಸ್ಕ್ಯಾನ್) ಪ್ರಯೋಗದಲ್ಲಿ ಚಲನೆಗೆ ಸಂಬಂಧಿಸಿದ ಮಿದುಳಿನ ಭಾಗಗಳು ಧನ ಮೌಲ್ಯಗಳನ್ನೂ, ವಿಶ್ರಾಂತಿಯಲ್ಲಿ ಹೆಚ್ಚು ಚುರುಕಾಗಿರುವ ಡಿಫಾಲ್ಟ್ ಮೋಡ್ ಜಾಲದ ಭಾಗಗಳು ಸಾಮಾನ್ಯವಾಗಿ ಋಣ ಮೌಲ್ಯಗಳನ್ನೂ ಪಡೆಯುತ್ತವೆ. ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಲು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಫ್‌ಎಸ್‌ಎಲ್‌ಐಸ್ ತಂತ್ರಾಂಶ ಅನುಕೂಲಕರವಾಗಿದೆ.

ಬಣ್ಣಗಳನ್ನು ಆರಿಸುವ ಮೊದಲು ಕಡತದಲ್ಲಿ ಋಣ ಮೌಲ್ಯಗಳು ಇವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶವಾದ ಎಫ್‌ಎಸ್‌ಎಲ್‌ನ ಫೀಟ್ ವಿಭಾಗವು ಮಿತಿ ಅನ್ವಯಿಸಿ (ಮಿತಿಗಿಂತ ಕಡಿಮೆಯಾದ ಮೌಲ್ಯಗಳನ್ನು ತೆಗೆದುಹಾಕಿ) ಕೊಡುವ ನಕ್ಷೆಯಲ್ಲಿ ಧನ ಮೌಲ್ಯಗಳಷ್ಟೇ ಉಳಿದಿರುತ್ತವೆ. ಅದನ್ನು ತೆರೆದು ನೀಲಿ ಬಣ್ಣಕ್ಕಾಗಿ ಎಷ್ಟು ಹುಡುಕಿದರೂ ಫಲವಿಲ್ಲ. ಆದ್ದರಿಂದ ಮಿತಿ ಅನ್ವಯಿಸದ ಝಡ್ ನಕ್ಷೆಯನ್ನೇ (ಪ್ರತಿ ಬಿಂದುವಿನಲ್ಲಿ ವ್ಯತ್ಯಾಸ ಎಷ್ಟು ಬಲವಾಗಿದೆ ಎಂದು ತೋರಿಸುವ ಸಂಖ್ಯಾಶಾಸ್ತ್ರೀಯ ನಕ್ಷೆ) ಆರಿಸಿಕೊಳ್ಳಬೇಕು.

ಎಫ್‌ಎಸ್‌ಎಲ್‌ಐಸ್‌ನ ಫೈಲ್ ಮೆನುವಿನಿಂದ ಎಂಎನ್‌ಐ152 ಮಾದರಿ ಮಿದುಳನ್ನು (ಹಲವರ ಮಿದುಳುಗಳ ಸರಾಸರಿ ಚಿತ್ರ) ತೆರೆದು, ಅದರ ಮೇಲೆ ಅದೇ ನಿರ್ದೇಶಾಂಕ ವ್ಯವಸ್ಥೆಗೆ ಹೊಂದಿಸಲಾದ ಝಡ್ ನಕ್ಷೆಯನ್ನು ಸೇರಿಸಬೇಕು. ನಕ್ಷೆಯನ್ನು ಆರಿಸಿ, ಹಲ್ಲುಚಕ್ರದ ಗುರುತನ್ನು ಒತ್ತಿದಾಗ ತೆರೆಯುವ ಫಲಕದಲ್ಲಿ ಕೆಂಪು-ಹಳದಿ ಬಣ್ಣಪಟ್ಟಿಯನ್ನು ಗೊತ್ತುಮಾಡಿ, ಋಣ ಮೌಲ್ಯಗಳಿಗೆ ಪ್ರತ್ಯೇಕ ಬಣ್ಣಪಟ್ಟಿ ಬಳಸುವ ಆಯ್ಕೆಯನ್ನು ಚಾಲೂ ಮಾಡಿ, ಅದಕ್ಕೆ ನೀಲಿ-ತಿಳಿನೀಲಿಯನ್ನು ಕೊಡಬೇಕು. ಪ್ರದರ್ಶನದ ವ್ಯಾಪ್ತಿಯನ್ನು 3.1ರಿಂದ 6 ಎಂದು ಇಟ್ಟರೆ ಅದು ಎರಡೂ ಬದಿಗೆ ಸಮಾನವಾಗಿ ಅನ್ವಯಿಸುತ್ತದೆ. ಕ್ಲಿಪ್ಪಿಂಗ್‌ನ (ಮಿತಿಯಿಂದ ಹೊರಗಿನ ಮೌಲ್ಯಗಳನ್ನು ಮರೆಮಾಡುವ ಆಯ್ಕೆ) ಕೆಳಮಿತಿಯೂ ಅದೇ ಆಗಿದ್ದಲ್ಲಿ −3.1 ಮತ್ತು 3.1ರ ನಡುವಿನ ಮೌಲ್ಯಗಳು ಪಾರದರ್ಶಕವಾಗಿ, ಕೆಳಗಿನ ಮಿದುಳು ಕಾಣುತ್ತದೆ. ಬಣ್ಣಪಟ್ಟಿಯ ಅಳತೆಗೋಲನ್ನೂ ಚಿತ್ರದಲ್ಲಿ ಸೇರಿಸುವುದನ್ನು ಮರೆಯಬಾರದು. ಕೆಂಪಿನೊಂದಿಗೆ ಹಸಿರನ್ನು ಜೋಡಿಸಿದರೆ ವರ್ಣಾಂಧತೆಯುಳ್ಳ ಓದುಗರಿಗೆ ವ್ಯತ್ಯಾಸವೇ ತಿಳಿಯದೆ ಹೋಗಬಹುದು.

ಮಿದುಳಿನ ಚಿತ್ರಗಳನ್ನು ತೋರಿಸುವ ಇನ್ನೊಂದು ತಂತ್ರಾಂಶವಾದ ಎಂಆರ್‌ಐಕ್ರೋಜಿಎಲ್ ಬಳಸುವವರು ಒಂದೇ ನಕ್ಷೆಯನ್ನು ಎರಡು ಬಾರಿ ಸೇರಿಸಿ, ಒಂದಕ್ಕೆ 3.1 ಮತ್ತು 6, ಇನ್ನೊಂದಕ್ಕೆ −3.1 ಮತ್ತು −6 ಎಂಬ ಮಿತಿಗಳನ್ನು ಕೊಡಬಹುದು. ಋಣ ಬದಿ ಮಂಕಾಗಿದೆಯೆಂದು ಅದರ ಮಿತಿಯನ್ನು ಮಾತ್ರ ಸಡಿಲಿಸುವುದು, ನನ್ನ ಅಭಿಪ್ರಾಯದಲ್ಲಿ, ಓದುಗರನ್ನು ದಾರಿತಪ್ಪಿಸುವ ಕೆಲಸ.

ಪರದೆಯ ಮೇಲೆ ಹೀಗೆ ಇಟ್ಟ 3.1 ಎಂಬ ಮಿತಿಯು ಕ್ಲಸ್ಟರ್ ಮಟ್ಟದ ಸಂಖ್ಯಾಶಾಸ್ತ್ರೀಯ ತಿದ್ದುಪಡಿಗೆ (ಅಕ್ಕಪಕ್ಕದ ಬಿಂದುಗಳ ಗುಂಪು ಆಕಸ್ಮಿಕವೇ ಎಂದು ಪರೀಕ್ಷಿಸುವ ಕ್ರಮ) ಬದಲಿಯಲ್ಲ. ಪ್ರಕಟಣೆಗೆ ಬೇಕಾದ ಚಿತ್ರಕ್ಕಾಗಿ ಮೂಲ ಹೋಲಿಕೆಯನ್ನೂ ಅದರ ವಿಲೋಮವನ್ನೂ (ಕೆಲಸಕ್ಕಿಂತ ವಿಶ್ರಾಂತಿಯಲ್ಲಿ ಸಂಕೇತ ಹೆಚ್ಚೇ ಎಂಬುದು) ಪ್ರತ್ಯೇಕವಾಗಿ ಪರೀಕ್ಷಿಸಿ, ತಿದ್ದುಪಡಿಯಾದ ಎರಡು ನಕ್ಷೆಗಳನ್ನು ಬೇರೆಬೇರೆ ಮೇಲ್ಪದರಗಳಾಗಿ ತೆರೆಯುವುದೇ ಸರಿಯಾದ ಮಾರ್ಗ. ಆಗ ವಿಲೋಮದ ನಕ್ಷೆಯ ಮೌಲ್ಯಗಳೂ ಧನವಾಗಿರುವುದರಿಂದ ಅದಕ್ಕೆ ನೀಲಿ ಬಣ್ಣಪಟ್ಟಿಯನ್ನು ನೇರವಾಗಿಯೇ ಕೊಡಬೇಕು. ಚಿತ್ರದ ಅಡಿಬರಹದಲ್ಲಿ ನೀಲಿಯನ್ನು ‘ಚಟುವಟಿಕೆ ನಿಂತ ಭಾಗ’ ಎನ್ನದೆ, ‘ವಿಶ್ರಾಂತಿಗಿಂತ ಕೆಲಸದಲ್ಲಿ ಸಂಕೇತ ಕಡಿಮೆಯಿರುವ ಭಾಗ’ ಎಂದೇ ಬರೆಯಬೇಕು.