ಹಿರಿಯರ ತೂಕ ನೋಡಲು ಟೇಪೂ ಬೇಕು

ಕೊಡಗಿನ ಮಳೆಗಾಲದಲ್ಲಿ ಹಿರಿಯರ ತೂಕ ನೋಡುವುದೆಂದರೆ ಮೊದಲು ಸ್ವೆಟರ್ ಬಿಚ್ಚಿಸುವ ಕೆಲಸ. ಸ್ವೆಟರ್, ಶಾಲು, ಮಡಿಲಿನ ಎಲೆಅಡಿಕೆ ಚೀಲ ಎಲ್ಲ ಸೇರಿದರೆ ಒಂದು ಕೆ.ಜಿ. ದಾಟುತ್ತದೆ, ಕಳೆದ ಸಲಕ್ಕೂ ಈ ಸಲಕ್ಕೂ ನಾನು ಹುಡುಕುವ ವ್ಯತ್ಯಾಸವೇ ಎರಡು ಮೂರು ಕೆ.ಜಿ. ಚಳಿ ಎಂದು ಒಪ್ಪದಿದ್ದರೆ ಏನೇನು ಹಾಕಿದ್ದರು ಎಂದು ಪಕ್ಕದಲ್ಲೇ ಬರೆದಿಡುತ್ತೇನೆ. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ನೆಲ ಏರುತಗ್ಗಾಗಿದ್ದರೆ ತಕ್ಕಡಿಯಡಿ ಗಟ್ಟಿ ಹಲಗೆ. ತುಂಬಿದ 20 ಲೀಟರ್ ನೀರಿನ ಕ್ಯಾನ್ ಪ್ರತಿ ಸಲವೂ ಒಂದೇ ಅಂಕಿ ತೋರಿಸಬೇಕು, ಇಲ್ಲದಿದ್ದರೆ ಬ್ಯಾಟರಿ ಬದಲಿಸಿ.

ನಿಜವಾಗಿ ಮೋಸ ಹೋಗುವುದು ಎತ್ತರದಲ್ಲಿ. ಬೆನ್ನು ಬಾಗಿದ ಅಜ್ಜಿ ಗೋಡೆಗೆ ನಿಂತರೆ 150 ಸೆಂ.ಮೀ.; ತೂಕ 52 ಕೆ.ಜಿ. ಇದ್ದರೆ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 23.1. ಬಾಗಿದ್ದರಿಂದ ಎತ್ತರ ಕಡಿಮೆ, ಬಿಎಂಐ ಹೆಚ್ಚು ತೋರುತ್ತದೆ. ಅದಕ್ಕೇ ಎತ್ತರ ಅಂದಾಜಿಸಲು ಕೈ ಅಳೆಯುತ್ತೇನೆ. ತೋಳನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿಸಿ, ಕತ್ತಿನ ಕೆಳಗಿನ ಗುಳಿಯಿಂದ ನಡುಬೆರಳು, ಉಂಗುರಬೆರಳಿನ ಬುಡದ ಸಂದಿನವರೆಗೆ ಟೇಪು. ಹೆಂಗಸರಿಗೆ ಅದನ್ನು 1.35ರಿಂದ ಗುಣಿಸಿ 60.1 ಕೂಡಿಸಬೇಕು, ಗಂಡಸರಿಗೆ 1.40 ಮತ್ತು 57.8. ಅದೇ ಅಜ್ಜಿಯ ಕೈ 71 ಸೆಂ.ಮೀ. ಬಂದರೆ ಎತ್ತರ 156, ಬಿಎಂಐ 21.4. ಅಂದಾಜೇ ಸರಿ, ಆದರೂ ಬಾಗಿದ ಬೆನ್ನಿಗಿಂತ ವಾಸಿ.

ವಯಸ್ಕರಿಗೆ ಬಿಎಂಐ 23 ದಾಟಿದರೆ ನಾವು ಹೆಚ್ಚು ತೂಕ ಎನ್ನುತ್ತೇವೆ. ಎಪ್ಪತ್ತು ದಾಟಿದವರಿಗೂ ಅದೇ ಗೆರೆ ಹಿಡಿದು ಊಟ ಬಿಡಿಸುವುದು ತಪ್ಪು. ವೃದ್ಧರ ಪೌಷ್ಟಿಕತೆ ನೋಡುವ ಎಂಎನ್‌ಎ ಪಟ್ಟಿಯಲ್ಲಿ 23 ಮತ್ತು ಮೇಲಿದ್ದರೇ ಪೂರ್ಣ ಅಂಕ, 19ಕ್ಕಿಂತ ಕೆಳಗೆ ಸೊನ್ನೆ. ಮೂರು ತಿಂಗಳಲ್ಲಿ 3 ಕೆ.ಜಿ.ಗಿಂತ ಹೆಚ್ಚು ಇಳಿದರೂ ಸೊನ್ನೆ. 'ತೆಳ್ಳಗಾದರು, ಶುಗರ್ ಹತೋಟಿಗೆ ಬಂತು' ಎಂದು ಮನೆಯವರು ಖುಷಿಪಡುವ ಹೊತ್ತಿಗೆ ನನಗೆ ಚಿಂತೆ ಶುರು: ಏರಿದ ಸಕ್ಕರೆಯೇ ತೂಕ ಇಳಿಸುತ್ತದೆ. ಕ್ಷಯ, ಥೈರಾಯ್ಡ್, ಕ್ಯಾನ್ಸರ್, ಮಂಕು ಹಿಡಿದ ಮನಸ್ಸು, ಸರಿ ಕೂರದ ಹಲ್ಲಿನ ಸೆಟ್, ಇವನ್ನೆಲ್ಲ ಡಾಕ್ಟರು ನೋಡಲೇಬೇಕು.

ತೂಕ ಇಳಿಯದೆಯೂ ಮಾಂಸಖಂಡ ಕರಗುತ್ತದೆ. ಕಾಲು ಊದಿದ್ದರೆ ನೀರಿನ ಭಾರವೇ ಅದನ್ನು ಮುಚ್ಚಿಡುತ್ತದೆ; ಕಣಕಾಲು ಒತ್ತಿ ಗುಳಿ ಬೀಳುವುದೇ ನೋಡುತ್ತೇನೆ. ಊತವಿಲ್ಲದಿದ್ದರೆ ಕೂರಿಸಿ, ಪಾದ ನೆಲಕ್ಕೂರಿಸಿ, ಮೀನಖಂಡದ ದಪ್ಪ ಭಾಗಕ್ಕೆ ಬಿಗಿಯದೆ ಟೇಪು ಸುತ್ತುವುದು. 31 ಸೆಂ.ಮೀ.ಗಿಂತ ಕಡಿಮೆ ಬಂದರೆ ಊಟ ವಿಚಾರಿಸಲು ಕೂರುತ್ತೇನೆ.

ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ಹೊರಗೆ ಓಡಾಟವಿಲ್ಲ, ಹಸಿವಿಲ್ಲ, ಗಂಜಿಯಲ್ಲೇ ದಿನ ಮುಗಿಯುತ್ತದೆ. ಕಿಡ್ನಿ ತೊಂದರೆ ಇಲ್ಲದಿದ್ದರೆ ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಿಡಬೇಕಿಲ್ಲ, ಜೊತೆಗಿನ ಮಾಂಸ ಅಗಿಯಲಾಗದಿದ್ದರೆ ಕೊಚ್ಚಿ ಬೇಯಿಸಿ. ಗಂಜಿಗೆ ಹೆಸರುಬೇಳೆ ಸೇರಿಸಿ. ಜಗಲಿಯ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲಿ, ಪಕ್ಕದಲ್ಲಿ ಒಬ್ಬರು ನಿಂತಿರಬೇಕು.